ರವಿವಾರದ ನಕಾಶೆ

ವರನ ಹೆಸರು ತಪ್ಪಿ ಅಚ್ಚಾದ ಮುನ್ನೂರು ಮದುವೆ ಕಾರ್ಡು
ಪ್ರೆಸ್ಸಿನ ಮೂಲೆಯಲ್ಲಿ ಬಿದ್ದಿದ್ದವು, ಬೆನ್ನೆಲ್ಲ ಖಾಲಿ.
ಒಂದನ್ನು ಮಗುಚಿ ಹಜರತ್‌ಬಿ
ಕೆಂಪು ಪೆನ್ನಿನಿಂದ ಗೆರೆ ಎಳೆದಳು:
‘ಇದು ಡೋಣಿ ಬಸ್‌ಸ್ಟ್ಯಾಂಡ, ಇದು ಕಪ್ಪತಗುಡ್ಡ,
ನಡುವ ಇರೋದು ನಮ್ಮ ಮೊಣಕಾಲು.’

ಇಪ್ಪತ್ತು ವರ್ಷ ಬೆಟಗೇರಿಯ ಮಾಳಿಗೆಯಿಂದ
ಆ ಗುಡ್ಡ ನೋಡಿದ್ದೇನೆ,
ಬೆಳ್ಳಗಿದ್ದರೆ ಅರಿವೆ ಒಣಹಾಕಿ
ಕಪ್ಪಾದರೆ ಒಳಗೆ ತಂದು.
ಹತ್ತಿಲ್ಲ.
ನಮ್ಮೊಳಗೆ ಹತ್ತಿದವಳು ಹಜರತ್‌ಬಿ ಒಬ್ಬಳೇ,
ಲಂಗ ತೊಡುವ ವಯಸ್ಸಿನಲ್ಲಿ, ದಾದಿಮಾನ ಸೆರಗು ಹಿಡಿದು
ಬೇರು ಅಗೆಯಲು.

ಊಟದ ಬಿಡುವಿನಲ್ಲಿ, ಅಂಟಿನ ಕೈ ತೊಳೆಯದೆ,
ನಾಲ್ಕು ತಲೆ ಒಂದು ಕಾರ್ಡಿನ ಮೇಲೆ.
ಮೊದಲ ಬಸ್ಸು ಐದೂವರೆಗೋ ಆರಕ್ಕೋ,
ಅದು ಕಂಡಕ್ಟರನ ನಿದ್ದೆಗೆ ಬಿಟ್ಟದ್ದು.
ಫಾರೆಸ್ಟ್ ಗಾರ್ಡನಿಗೆ ಹೇಳಿಯೇ ಹತ್ತಬೇಕು.
ಮೇಲೆ ನೀರಿಲ್ಲ, ತಲೆಗೆ ಎರಡು ಬಾಟಲಿ.
ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ.
‘ಮೊಸರು?’
‘ಚೆಲ್ಲತೈತಿ, ಬ್ಯಾಡ.’
ಬೆಂಕಿಪೆಟ್ಟಿಗೆಯೂ ಬ್ಯಾಡ;
ಹುಲ್ಲು ಒಣಗಿ ಅರಿಶಿನ ಆಗಿದೆ, ಒಂದು ಕಡ್ಡಿ ಸಾಕು.
ಪ್ರೂಫ್ ನೋಡುವ ಗುದ್ನೆಪ್ಪ
ಕಿಸೆಯೊಳಗಿನ ಬೀಡಿ ಕಟ್ಟನ್ನು
ಸತ್ತವರ ಮನೆಗೆ ಹೊರಟವನ ಹಾಗೆ ಸವರಿಕೊಂಡ.

ಅವನ ಕೆಲಸ ಹೊತ್ತು ಹಾಕುವುದು.
ಬುಡದಿಂದ ಮೊದಲ ಬಂಡೆಗೆ ನಲವತ್ತು ನಿಮಿಷ,
ಬಂಡೆಯಿಂದ ಕಣಿವೆಗೆ ಒಂದು ತಾಸು,
ಅಲ್ಲಿ ಒಂದು ಗುರುತು ಹಾಕಿ ಬರೆದ: ‘ಕೂಡೋದು.’
ಪದ ಬಿಟ್ಟುಹೋದಲ್ಲಿ ಅವನು ಹಾಕುವುದೂ ಅದೇ ಗುರುತು,
ನೋಡಿದರೆ ಗುಡ್ಡದ ಹಾಗೇ ಇದೆ.
ಇಷ್ಟು ವರ್ಷ ಕಂಡಿರಲಿಲ್ಲ ನನಗೆ.

ಒಂದು ಗಂಟೆಗೆ ಎಲ್ಲಿದ್ದರೆ ಅಲ್ಲಿಂದ ತಿರುಗಬೇಕು.
‘ತುದಿ ಹತ್ತು ಹೆಜ್ಜಿ ಇದ್ದರೂ?’ ಎಂದಳು ನೀಲಗಂಗಾ.
‘ಹತ್ತು ಹೆಜ್ಜಿ ಇದ್ದರೂ.
ಹೊತ್ತು ಮುಳುಗಿದರ ಚಿರತಿ ಡ್ಯೂಟಿಗೆ ಬರತೈತಿ.’
ನಕ್ಕೆವು. ಆಮೇಲೆ ಯಾರೂ ನಗಲಿಲ್ಲ ಸ್ವಲ್ಪ ಹೊತ್ತು.

ಕಣಿವೆ ದಾಟಿದ ಮೇಲೆ ಪೆನ್ನು ನಿಂತಿತು.
ದಾರಿ ಇಬ್ಭಾಗ ಆಗುತ್ತಿತ್ತಂತೆ ಅಲ್ಲಿ.
‘ಗಾಳಿ ಯಾವ ಗಲ್ಲಕ್ಕ ಬಡೀತದೋ
ಆ ಕಡೆ ಹೊರಳು ಅಂತಿದ್ಲು ದಾದಿಮಾ.
ಆವಾಗ ಫ್ಯಾನಿನ ಕಂಬ ಇರಲಿಲ್ಲ ಗುಡ್ಡದ ಮ್ಯಾಲ.
ಗಾಳಿ ಅದಾ ಇದ್ದೀತೇನು?’
ಕಣ್ಣು ಮುಚ್ಚಿ, ಅಂಗೈಯಲ್ಲಿ ಒಂದು ಗಲ್ಲ ಮುಟ್ಟಿ ನೋಡಿದಳು,
ಇನ್ನೊಂದು ಮುಟ್ಟಿದಳು.
ಕಟಿಂಗ್ ಮಷೀನು ನಿಂತಿತ್ತು. ಓಣಿಯಲ್ಲಿ ಯಾರೋ ಮಗ್ಗದ ಲಾಳಿ ಆಡಿಸುತ್ತಿದ್ದರು.
ಕೊನೆಗೆ ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಳು.

ಗುದ್ನೆಪ್ಪ ಕನ್ನಡಕ ಏರಿಸಿ ಅದನ್ನು ನೋಡಿದ.
ಅಲ್ಪವಿರಾಮ ಸರಿದರೂ ಮಾಲಕರ ಜೊತೆ ಜಗಳಕ್ಕೆ ನಿಲ್ಲುವವನು
ತಿದ್ದಲಿಲ್ಲ.
‘ಇರಲಿ’ ಎಂದು ಸಹಿ ಹಾಕಿದ.

ಇವತ್ತು ಶನಿವಾರ ರಾತ್ರಿ.
ಮಾಳಿಗೆಯಿಂದ ಗುಡ್ಡ ಕಾಣಿಸುತ್ತಿಲ್ಲ;
ಕಂಬಗಳ ಕೆಂಪು ದೀಪ ಮಾತ್ರ ಹತ್ತಿ, ಆರಿ, ಹತ್ತಿ.
ಬಾಟಲಿ ತುಂಬಿಟ್ಟೆ. ಉಪ್ಪು ಮರೆತಿದ್ದೆ, ಕಟ್ಟಿದೆ.
ಕಾರ್ಡು ಚೀಲದಲ್ಲಿದೆ,
ಒಂದು ಬದಿ ದಾರಿ, ಇನ್ನೊಂದು ಬದಿ
ಎಲ್ಲಿಯೂ ಇಲ್ಲದ ಒಬ್ಬ ವರ
ಸಕುಟುಂಬ ಪರಿವಾರ ಸಮೇತ ಬನ್ನಿ ಎನ್ನುತ್ತಿದ್ದಾನೆ.

ಬೂಟು ನನಗಿಲ್ಲ.
ತಂಗಿಯ ಮಗನ ಶಾಲೆಯದು, ಒಂದು ಸೈಜು ದೊಡ್ಡದು.
ಮೂತಿಗೆ ಹಳೆಯ ಪ್ರೂಫ್ ಹಾಳೆ ತುರುಕಿದ್ದೇನೆ.
ಮಲಗುವ ಮುಂಚೆ ಹಾಕಿಕೊಂಡು
ನಡುಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ನಡುಮನೆಗೆ
ನಾಲ್ಕು ಸಲ ನಡೆದೆ.
ಸಣ್ಣಗೆ ಸರಕ್ ಸರಕ್ ಅನ್ನುತ್ತದೆ.