ನೆಟ್ಟಗೆ ಹಿಡಿದ ಹೊಳೆ

ಫೋನು ನೆಟ್ಟಗೆ ಹಿಡಿ, ಅಂದರು ಸುಹರಾ ಮೇಡಂ.
ಹಿಡಿದೆ. ಶಿರಿಯ ಹೊಳೆ ಮಾತ್ರ
ಅಡ್ಡಕ್ಕೇ ಹರಿಯಿತು;
ಒಂದು ದಡ ಸಿಕ್ಕರೆ ಇನ್ನೊಂದಿಲ್ಲ.

ಮೂರು ಸೆಕೆಂಡಿನೊಳಗೆ ಗಾಳಕ್ಕೆ ಬೀಳಬೇಕಂತೆ ನೋಡುವವರು.
ಐತಪ್ಪಣ್ಣ ಆ ಮೂರರಲ್ಲಿ
ಎಲೆಯಡಿಕೆ ಉಗುಳಿದರು, ಹುಟ್ಟು ಒರಗಿಸಿದರು,
"ಎಂತ ಹೇಳುದು ಮಾರಾಯ್ತಿ" ಅಂದರು.
ಕತ್ತರಿಸಿದೆ.

ಕಡವಿನ ಮೆಟ್ಟಿಲು ಕುಸಿದು ಎರಡು ಮಳೆಗಾಲ,
ಶಾಲೆ ಮಕ್ಕಳನ್ನು ಎತ್ತಿ ಎತ್ತಿ ಇಳಿಸಿದ ಸೊಂಟ,
ಎಲ್ಲ ನಲವತ್ತು ಸೆಕೆಂಡಿಗೆ ಇಳಿಯಿತು.
ಅಡಿಯಲ್ಲಿ ಕನ್ನಡ ಸಾಲು, ಅದರಡಿ ಮಲಯಾಳ;
ಅವರ ಕೈ ಮುಚ್ಚಿಹೋಯಿತು.
ಮೇಲೆ ಸರಿಸಿದೆ. ಬಾಯಿ.

ರಾತ್ರಿ ಲೆಕ್ಕ ನೋಡಿದೆ:
ಕಂಡವರು ಎರಡು ಸಾವಿರದ ಮುನ್ನೂರ ಆರು,
ಸರಾಸರಿ ನಿಂತದ್ದು ಒಂಬತ್ತು ಸೆಕೆಂಡು.
ಅವರ ಹೆಸರು ಬರುವುದು ಹನ್ನೊಂದನೆಯದರಲ್ಲಿ.

ಬೆಳಿಗ್ಗೆ ಹುಟ್ಟು ಹಾಕುತ್ತಾ ಕೇಳಿದರು:
ಬಂದೆನಾ ನಾನು?