ಅರವತ್ತು ಗಾಸ್

ಮೊದಲು ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ,
ಆಮೇಲೆ ಸೆರಗಿನ ಪಿನ್ನು.
ಗಾಜಿನ ಬಳೆ ಇರಲಿ,
ಅವಕ್ಕೆ ಈ ಜಗಳದಲ್ಲಿ ಪಾಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿ.
ಹೊತ್ತು ಏರುವ ಮೊದಲೇ ಒಳಗೆ ಸೆಕೆ,
ಮರಳು ಸಿಡಿಯುವ ಬಾಣಲೆ, ಹೊಟ್ಟಿನ ಹೊಗೆ,
ಜರಡಿ ಹಿಡಿದ ಹೆಂಗಸರ ಹುಬ್ಬಿನ ಮೇಲೆ ಬೂದಿ.
ಊರಿನ ಸಂಜೆಗಳಿಗೆಲ್ಲ ಇಲ್ಲಿಂದಲೇ ತುತ್ತು.
ಒಂದು ಪೊಟ್ಟಣದಲ್ಲಿ ಯಾರದೋ ಹಲ್ಲಿಗೆ
ಕಬ್ಬಿಣದ ಚೂರು ಸಿಕ್ಕಿತಂತೆ.
ಅದಕ್ಕೇ ನಾನು, ಅದಕ್ಕೇ ಈ ಪೆಟ್ಟಿಗೆ.

ದಸ್ತಗೀರ್ ಸಾಬರು ಆಯಸ್ಕಾಂತದ ಜಾಲರಿ ಕಳಚಿ ತಂದರು,
ಕೂಸು ಎತ್ತಿದ ಹಾಗೆ, ಎರಡೂ ಕೈಯಲ್ಲಿ.
ಕಬ್ಬಿಣದ ಮೇಜು ತೋರಿಸಿದರು. ಬೇಡ ಎಂದೆ.
ಅಕ್ಕಿ ಚೀಲ ಒಟ್ಟಿ ಮೇಲೊಂದು ಹಲಗೆ ಹಾಕಿಸಿದರು.

ಮೀಟರು ಹಚ್ಚಿ ಕಾಲು ಗಂಟೆ ಸುಮ್ಮನೆ ಕೂರಬೇಕು.
ಕಾಯದವರಿಗೆ ಯಂತ್ರ ಸುಳ್ಳು ಹೇಳುತ್ತೆ,
ಅನ್ನುತ್ತಿದ್ದರು ತಿಪ್ಪೇರುದ್ರಪ್ಪ ಮೇಷ್ಟ್ರು,
ಕಾದವರಿಗೂ ಹೇಳುತ್ತೆ, ಸ್ವಲ್ಪ ನಾಚುತ್ತಾ.
ನಿವೃತ್ತಿಯ ಹೊತ್ತಿಗೆ ಅವರ ಕೈ ನಡುಗುತ್ತಿತ್ತು.
ತೇಗದ ತುಂಡು ಕೊರೆದು, ಹಿತ್ತಾಳೆ ಸ್ಕ್ರೂ ಹಾಕಿ
ಪ್ರೋಬಿಗೊಂದು ಆಸರೆ ಮಾಡಿಕೊಂಡಿದ್ದರು.
ಹೋಗುವಾಗ ಅದನ್ನು ನನಗೆ ಕೊಟ್ಟರು.
ಇವತ್ತು ಅದು ಆಫೀಸಿನ ಕಪಾಟಿನಲ್ಲೇ ಉಳಿದಿದೆ.

ಆಮೇಲೆ ಸೊನ್ನೆ.
ಬೆರಳುದ್ದದ ಕುರುಡು ಕೊಳವೆಯೊಳಗೆ ತುದಿ ಇಳಿಸಿ
ಹೊರಗಿನ ಲೋಕ ಮರೆಸಬೇಕು:
ಭೂಮಿಯ ಅರೆ ಗಾಸ್, ಮೋಟಾರಿನ ಗೊಣಗು,
ಗೋಡೆಯಾಚೆ ಹಿಂದೆ ಸರಿಯುವ ಲಾರಿ.
ಮೂರು. ಒಂದು. ಮೈನಸ್ ಒಂದು.
ಅಂಕಿಗಳು ತಡವರಿಸಿ
ಕೊನೆಗೆ ಸೊನ್ನೆಗಳ ಸಾಲಾಗಿ ಮಲಗಿದವು.
ಎಲ್ಲಿಂದ ಎಣಿಸಬೇಕೆಂದು ಹೇಳಿಕೊಟ್ಟ ಮೇಲಷ್ಟೇ
ಎಷ್ಟು ಅಂತ ಕೇಳುವ ಹಕ್ಕು.

ತುದಿ ಬೆಂಕಿಕಡ್ಡಿಗಿಂತ ತೆಳು.
ಬಾಗಿಸಿದರೆ ಮುರಿದು ಹೋಗುತ್ತದೆ, ಜೊತೆಗೆ ನನ್ನ ಎರಡು ತಿಂಗಳ ಸಂಬಳ.
ಒಳಗೆಲ್ಲೋ ಸಾಸಿವೆಗಿಂತ ಸಣ್ಣ ಚೂರೊಂದು,
ನೋಡುವುದು ಅದೊಂದೇ,
ಉಳಿದದ್ದೆಲ್ಲ ಹಿಡಿಕೆ. ನಾನೂ ಸೇರಿ.

ಸರಳಿನ ಮೇಲೆ ಒರಗಿಸಿದೆ.
ಕೂದಲೆಳೆ ಮೇಲೆದ್ದರೆ ನೂರು ಗಾಸ್ ಹೋಯಿತು,
ಓರೆಯಾದರೆ ಇನ್ನಷ್ಟು.
ಏಳು ಸಾವಿರದ ಇನ್ನೂರ ಮೂರು.
ಮಗುಚಿದೆ. ಮೈನಸ್ ಏಳು ಸಾವಿರದ ನೂರ ತೊಂಬತ್ತೇಳು.
ಎರಡೂ ಮುಖದ ಮಾತು ಕೇಳಿ, ನಡುವೆ ನಿಂತು
ಏಳು ಸಾವಿರದ ಇನ್ನೂರು ಎಂದು ಬರೆದೆ.
ಜಾಲರಿಯ ಚೀಟಿಯಲ್ಲಿ ಹತ್ತು ಸಾವಿರ ಅಂತಿತ್ತು,
ಶಾಯಿಯೂ ಭಟ್ಟಿಯ ಕಾವಿಗೆ ಮಾಸಿತ್ತು.

'ಒಂಬತ್ತು ಅಂತ ಬರೀರಿ ಮೇಡಂ,
ಗುರುವಾರ ತಪಾಸಣೆಗೆ ಬರ್ತಾರೆ.
ನಿಮ್ಮ ಕೈ ನಡುಗ್ತೈತಿ ನೋಡ್ರಿ, ಅದಕ್ಕೇ ಕಮ್ಮಿ.'

ನಡುಗಿದ್ದು ಹೌದು.
ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಬರೀ ಚಹಾ.
'ನೀವೇ ಹಿಡೀರಿ' ಅಂದುಬಿಟ್ಟೆ.
ಮೇಷ್ಟ್ರಿದ್ದಿದ್ದರೆ ಬೆರಳ ಗಂಟಿಗೆ ಸ್ಕೇಲಿನ ಏಟು.

ನಲವತ್ತು ವರ್ಷ ಕಾದ ಮರಳಲ್ಲಿ ಅಕ್ಕಿ ತಿರುವಿದ ಕೈ.
ಅರಳಿದ್ದು ಕರಟುವುದಕ್ಕೆ ಒಂದುಸಿರು ಮೊದಲು
ಬಾಣಲೆಯಿಂದ ಎತ್ತಲು ಕಲಿತ ಕೈ.
ಹಲಗೆಗೆ ಮೊಣಕೈ ಊರಿದರು. ಉಸಿರು ಕಟ್ಟಿದರು.
ಎಡಕ್ಕೆ ಒಂದೆಳೆ, ಬಲಕ್ಕೆ ಅರ್ಧ,
ಏರಿತು,
ಏರಿತು,
ನಿಂತಿತು.
ಏಳು ಸಾವಿರದ ಇನ್ನೂರ ಅರವತ್ತು.
ಎತ್ತಿ ಮತ್ತೆ ಇಟ್ಟರು. ಅದೇ.
ಮಗುಚಿಸಿದೆ. ಅದೇ, ಮೈನಸ್ ಹೊತ್ತು.

ಓರೆ ಕೈಗೆ ಕ್ಷೇತ್ರ ಕಡಿಮೆ ತೋರಬಹುದು,
ಇದ್ದದ್ದಕ್ಕಿಂತ ಹೆಚ್ಚು ತೋರುವುದಿಲ್ಲ.
ಅಂದರೆ ಆ ಅರವತ್ತು ನಾನು ಚೆಲ್ಲಿದ್ದು.

'ಒಂಬತ್ತಾಗ್ಲಿಲ್ಲ' ಅಂದರು ಸಾಬರು,
ನನಗಲ್ಲ, ಜಾಲರಿಗೆ.

ನನ್ನ ಅಂಕಿಗೆ ಗೀಟು ಎಳೆದು ಅವರದನ್ನು ಬರೆದೆ.
ಪಕ್ಕದಲ್ಲಿ ಸೆಕೆ, ಮೂವತ್ತೊಂಬತ್ತು ಡಿಗ್ರಿ.
ಹೆಚ್ಚು ಕಮ್ಮಿ, ಐವತ್ತು.
'ಅಳೆದವರು' ಅನ್ನುವ ಕಡೆ ಪೆನ್ನು ಒಂದು ಗಳಿಗೆ ನಿಂತಿತು,
ಅವರ ಕಡೆ ಚಾಚಿದೆ.
ಬಲದಿಂದ ಎಡಕ್ಕೆ ಸಹಿ ಹಾಕಿದರು,
ಅದರ ಕೆಳಗೆ ನಾನು ಎಡದಿಂದ ಬಲಕ್ಕೆ.

ಜಾಲರಿ ಎತ್ತುವಾಗ ಕೊನೇ ಸರಳಿನಲ್ಲಿ
ನುಚ್ಚಕ್ಕಿಯಷ್ಟು ತುಕ್ಕು ಅಂಟಿದ್ದು ಕಂಡಿತು.
ಸಾಬರು ಉಗುರಿನಿಂದ ಕೆದರಿ,
ಬಿಸಾಡದೆ, ಬೆಂಕಿಪೊಟ್ಟಣದೊಳಗೆ ಹಾಕಿದರು.
'ಗುರುವಾರಕ್ಕೆ ಇರ್ಲಿ' ಅಂದರು.