ಇಪ್ಪತ್ತಮೂರು

ಉಪ್ಪಳದ ಆಸ್ಪತ್ರೆ, ಎರಡನೇ ಮಾಳಿಗೆ.
ಇಪ್ಪತ್ತೆರಡು ಹಾಸಿಗೆ, ಕೊನೆಯಲ್ಲೊಂದು ಬಚ್ಚಲು.
ಗೋಡೆಗೊಂದೊಂದು ಡಬ್ಬಿ, ಡಬ್ಬಿಯ ಹೊಟ್ಟೆಯಲ್ಲಿ
ಅಕ್ಕಿಕಾಳಿನಷ್ಟು ಸ್ವಿಚ್ಚುಗಳು, ಐದು.
ಒಂದು, ಎರಡು, ನಾಲ್ಕು, ಎಂಟು, ಹದಿನಾರು:
ಎತ್ತಿದ್ದನ್ನೆಲ್ಲ ಕೂಡಿಸಿದರೆ
ಅದೇ ಆ ಡಬ್ಬಿಯ ವಿಳಾಸ.

ಟೆಸ್ಟರಿನ ತುದಿಯಲ್ಲಿ ಎತ್ತುತ್ತ ಹೋದೆ.
ಹೆಸರು ಬೇಡ ಈ ಯಂತ್ರಕ್ಕೆ, ಮನೆತನ ಬೇಡ.
ತುಳುವೋ ಬ್ಯಾರಿಯೋ ಮಲಯಾಳವೋ ಮರಾಟಿಯೋ,
ನರಳಿಕೆ ತಂತಿಯೊಳಗೆ ಹೊಕ್ಕರೆ
ಆಚೆ ತುದಿಯಲ್ಲಿ ಬರೀ ಅಂಕಿ.

ನಮ್ಮಜ್ಜನಿಗೆ ಬರುತ್ತಿದ್ದ ಕಾಗದಗಳ ಮೇಲೆ
‘ಕುಂಬಳೆ, ದಕ್ಷಿಣ ಕನ್ನಡ’ ಎಂದೇ ಇರುತ್ತಿತ್ತು,
ಗೆರೆ ಎಳೆದು ರಾಜ್ಯ ಬೇರೆಯಾಗಿ
ಇಪ್ಪತ್ತು ವರ್ಷದ ಮೇಲೂ.
ತಪ್ಪು ವಿಳಾಸ. ಆದರೂ ಅಂಚೆಯ ಕುಞ್ಞಂಬು
ಗದ್ದೆ ಹುಣಿಯಲ್ಲಿ ನಡೆದು ಬಂದು
ಕೈಗೇ ಕೊಟ್ಟು ಹೋಗುತ್ತಿದ್ದ.
ಯಂತ್ರಕ್ಕೆ ಆ ಗುಣವಿಲ್ಲ.

ಬುಧವಾರ ರಾತ್ರಿ ಎರಡೂಕಾಲಕ್ಕೆ
ಫಲಕದಲ್ಲಿ ಏಳು ಬೆಳಗಿತಂತೆ.
ಸಿಸ್ಟರ್ ಜೆಸಿಂತಾ ಓಡಿದರು. ಏಳರಲ್ಲಿ ಐತಪ್ಪ,
ಪ್ಲಾಸ್ಟರ್ ಕಾಲು ದಿಂಬಿನ ಮೇಲೆ, ಗೊರಕೆ.
ದೀಪ ಆರಿಸಿ ಬಂದರು. ಮತ್ತೆ ಏಳು.
ಮತ್ತೆ ಗೊರಕೆ.
ಮೂರನೇ ಸಲ ಅವನು ಎದ್ದೇ ಕೂತಿದ್ದ:
“ಯಾನತ್ತ್ ಅಕ್ಕ. ಅಲ್ಪ ಏರೋ ಲೆಪ್ಪುವೆರ್.”
ಬೆರಳು ಗೋಡೆಯ ಕಡೆಗೆ.

ಬಚ್ಚಲ ಒದ್ದೆ ನೆಲದಲ್ಲಿ ಮರಿಯುಮ್ಮ,
ಕೆಂಪು ದಾರದ ತುದಿ ಇನ್ನೂ ಮುಷ್ಟಿಯಲ್ಲಿ.
ಸೊಂಟ ಮುರಿದಿರಲಿಲ್ಲ.
ದೇವರು ದೊಡ್ಡವನು ಎಂದರು ಎಲ್ಲರೂ.
ನನಗೆ ಯಾರೂ ಏನೂ ಎನ್ನಲಿಲ್ಲ.

ಬೆಳಿಗ್ಗೆ ಬಚ್ಚಲ ಡಬ್ಬಿ ಬಿಚ್ಚಿದೆ.
ಒಂದು, ಎರಡು, ನಾಲ್ಕು, ನೆಟ್ಟಗೆ ಮೇಲೆ.
ಹದಿನಾರು ಮಾತ್ರ ನಡುವೆ ನಿಂತಿತ್ತು,
ಮೇಲೂ ಅಲ್ಲ ಕೆಳಗೂ ಅಲ್ಲ.
ಚಹಾ ಆರುತ್ತದೆಂದು ಅವಸರದಲ್ಲಿ
ನಾನೇ ಹಾಗೆ ಬಿಟ್ಟದ್ದು.
ಹದಿನಾರು ಕಳೆದುಕೊಂಡ ಇಪ್ಪತ್ತಮೂರು
ಕತ್ತಲಲ್ಲಿ ಏಳು, ಏಳು ಎಂದು ಕೂಗಿದೆ;
ಫಲಕ ಅದನ್ನು ಲೆಕ್ಕವೆಂದು ತಿಳಿಯಿತು,
ಐತಪ್ಪನೊಬ್ಬ ಮಾತೆಂದು ಕೇಳಿ ಎದ್ದ.

ಉಗುರಲ್ಲಿ ಒತ್ತಿದೆ. ಟಕ್ ಎಂದಿತು.
ದಾರ ಎಳೆದೆ.
“ಇಪ್ಪತ್ತಮೂರು!” ಅತ್ತ ಮೇಜಿನಿಂದ ಜೆಸಿಂತಾ.
ಗೋಡೆಯಾಚೆಯಿಂದ, ಯಾರೂ ಕೇಳದೆಯೇ, ಐತಪ್ಪ:
“ಯಾನತ್ತ್!”